ತಾನಾಗಿ ಇಳಿದ ತೂಕ

ಬಾಯಾರಿಕೆ ಎಂದರೆ ನಮ್ಮ ಕ್ಲಾಸಿನಲ್ಲಿ ಒಳ್ಳೆಯ ಸುದ್ದಿ. ಟೇಕ್ವಾಂಡೋ ಆಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಈ ಆಟದಲ್ಲಿ ತೂಕದ ಪ್ರಕಾರ ಗುಂಪು ಮಾಡುತ್ತಾರೆ. ಪಂದ್ಯದ ಹಿಂದಿನ ದಿನ ತೂಕದ ಮಿಷನ್ ಹತ್ತಿಸುತ್ತಾರೆ. ಆ ಗಳಿಗೆಯಲ್ಲಿ ಮುಳ್ಳು ಗೆರೆಯೊಳಗಿದ್ದರೆ ಸಾಕು, ಇಳಿದ ಮೇಲೆ ನೀವು ಒಂದು ಮದುವೆಯ ಊಟವನ್ನೇ ಮುಗಿಸಿದರೂ ಕೇಳುವವರಿಲ್ಲ. ಹಾಗಾಗಿ ಎಲ್ಲರಿಗೂ ತಮ್ಮ ಸಹಜ ತೂಕಕ್ಕಿಂತ ಒಂದು ಗುಂಪು ಕೆಳಗೆ ಇಳಿಯುವ ಆಸೆ. ಅಲ್ಲಿ ಎದುರಾಳಿಗಳು ಸ್ವಲ್ಪ ಸಣ್ಣವರು. ಇಳಿಯಲು ಊಟ ಬಿಡುತ್ತಾರೆ, ನೀರು ಬಿಡುತ್ತಾರೆ, ಸುಡುಬಿಸಿಲಿನಲ್ಲಿ ರೇನ್‌ಕೋಟ್ ತೊಟ್ಟು ಓಡುತ್ತಾರೆ. ನಾಲಿಗೆ ಒಣಗಿತು ಎಂದರೆ ದಾರಿ ಸರಿಯಾಗಿದೆ ಎಂದು ಲೆಕ್ಕ.

ಇಂಥವರ ನಡುವೆ ಸಕ್ಕರೆ ಕಾಯಿಲೆ ಬಂದು ಸೇರಿಕೊಂಡರೆ ಯಾರಿಗೆ ಗೊತ್ತಾಗಬೇಕು? ನನಗೂ ಗೊತ್ತಾಗಲಿಲ್ಲ. ನನ್ನ ಹಾಗೆ ಚಿಕ್ಕ ವಯಸ್ಸಿನಲ್ಲೇ ಸೂಜಿ ಹಿಡಿಯಬೇಕಾದವರು, ಅವರನ್ನು ಸುತ್ತಿಕೊಂಡು ಅಳುವ ಮನೆಯವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಕಾಯಿಲೆಯ ವಿವರ ಡಾಕ್ಟರನ್ನು ಕೇಳಿ. ಅವರು ಹೇಳದೆ ಬಿಡುವುದನ್ನು ನಾನು ಹೇಳುತ್ತೇನೆ.

ನಮ್ಮಪ್ಪ ಗೌಂಡಿ, ಯಾದಗಿರಿ ಕಡೆಯವರು. ಕುಂದಲಹಳ್ಳಿಯ ಸುತ್ತ ಕಟ್ಟಡಗಳು ಏಳತೊಡಗಿದಾಗ ನಮ್ಮನ್ನು ಕರೆದುಕೊಂಡು ಬಂದು, ಒಂದು ವಠಾರದಲ್ಲಿ ಒಂದೇ ಕೋಣೆಯ ಮನೆ ಹಿಡಿದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಪೀಣ್ಯದ ಒಂದು ಹೊಲಿಗೆ ಘಟಕದಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ. ಅಲ್ಲಿ ಆಟದ ಬಟ್ಟೆ ಹೊಲಿಯುತ್ತಿದ್ದರು. ಸಣ್ಣ ಆರ್ಡರ್ ಬಂದರೆ ಓನರಿಗೆ ಬೇಸರ; ಕರಾಟೆ, ಟೇಕ್ವಾಂಡೋ ಕ್ಲಾಸಿನವರನ್ನು ವಾಪಸ್ ಕಳಿಸುತ್ತಿದ್ದರು. ವಾಪಸ್ ಹೋಗುವವರನ್ನು ಗೇಟಿನ ಹೊರಗೆ ನಾನು ಹಿಡಿದೆ. ಹೀಗೆ ನನ್ನ ವ್ಯಾಪಾರ ಶುರುವಾಯಿತು. ಪೀಣ್ಯದಲ್ಲಿ ಹೊಲಿಸಿ, ಗಂಟು ಕಟ್ಟಿ, ಬಸ್ಸು ಬದಲಿಸುತ್ತಾ ವೈಟ್‌ಫೀಲ್ಡಿನ ಕ್ಲಾಸುಗಳಿಗೆ ಮುಟ್ಟಿಸುತ್ತಿದ್ದೆ.

ನಮ್ಮ ಮಾಸ್ಟರ್ ಸಿಕ್ಕಿದ್ದೂ ಹಾಗೆಯೇ. ಡ್ರೆಸ್ಸಿನ ಬೆಲೆ ಇಳಿಸು ಎಂದು ಒಂದು ಗಂಟೆ ಜಗ್ಗಿದರು.

"ಬೆಲೆ ಇಳಿಸಲ್ಲ ಸಾರ್. ಬೇಕಾದ್ರೆ ನನಗೂ ಕಲಿಸಿ, ನನ್ನ ಫೀಸನ್ನ ಅದ್ರಲ್ಲಿ ಹಿಡ್ಕೊಳ್ಳಿ," ಎಂದೆ.

"ಈ ವಯಸ್ಸಲ್ಲಿ ಕಾಲು ಎತ್ತಕ್ಕಾಗತ್ತೇನಮ್ಮ?"

"ಗಂಟು ಹೊತ್ಕೊಂಡು ಬಸ್ ಹತ್ತೋಳಿಗೆ ಕಾಲು ಎತ್ತೋದು ಹೇಳ್ಕೊಡ್ಬೇಕಾ?"

ಹತ್ತೊಂಬತ್ತು ವರ್ಷಕ್ಕೆ ಕಲಿಯಲು ಶುರು ಮಾಡಿ ಬ್ಲ್ಯಾಕ್ ಬೆಲ್ಟ್ ಆದೆ. ರಾಜ್ಯ ಮಟ್ಟದಲ್ಲಿ ಪದಕವೂ ಬಂತು. ಆಗ ಅತ್ತಿಬೆಲೆ ಕಡೆಯ ಒಂದು ದೊಡ್ಡ ಶಾಲೆಯ ಒಳಾಂಗಣದಲ್ಲಿ ಗಂಡಸರು, ಹೆಂಗಸರು ಇಬ್ಬರಿಗೂ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆಯುತ್ತದೆ, ನೇಪಾಳ, ಶ್ರೀಲಂಕಾ, ಇರಾನ್ ಎಲ್ಲ ಕಡೆಯಿಂದ ಆಟಗಾರರು ಬರುತ್ತಾರೆ, ಕ್ಲಬ್ಬುಗಳೂ ಹೆಸರು ಕೊಡಬಹುದು ಎಂದು ಸುದ್ದಿ ಬಂತು. ಆ ಮ್ಯಾಟಿನ ಮೇಲೆ ಒಂದು ಸಲ ನಿಲ್ಲಬೇಕು ಎಂದು ನನ್ನ ತಲೆಗೆ ಹತ್ತಿಬಿಟ್ಟಿತು. ಆಸೆಗೆ ವ್ಯಾಪಾರದ ಕಾರಣವೂ ಇತ್ತು, ಸುಳ್ಳು ಯಾಕೆ ಹೇಳಲಿ: ಅಂತರರಾಷ್ಟ್ರೀಯ ಪಂದ್ಯ ಆಡಿದವಳು ತಂದ ಡ್ರೆಸ್ಸಿಗೆ ಯಾರು ಚೌಕಾಸಿ ಮಾಡುತ್ತಾರೆ?

ನನ್ನ ಸಹಜ ತೂಕಕ್ಕೆ ಸರಿಯಾದದ್ದು ಐವತ್ತೇಳು ಕಿಲೋ ಒಳಗಿನ ಗುಂಪು. ಆದರೆ ಆ ಗುಂಪಿನಲ್ಲಿ ನೇಪಾಳದ ಒಬ್ಬ ಉದ್ದನೆಯ ಹುಡುಗಿ ಇದ್ದಳು. ಅವಳ ಎಡಗಾಲಿನ ಒದೆ ಎಲ್ಲರಿಗೂ ಪರಿಚಯ. ಮಾಸ್ಟರ್ ನೇರವಾಗಿ ಹೇಳಿದರು: "ಅವಳ ಕೈಗೆ ಸಿಗ್ಬೇಡ. ಐವತ್ತಮೂರಕ್ಕೆ ಇಳಿ."

ಇಳಿದೆ. ಸಲೀಸಾಗಿ ಇಳಿದೆ. ಅದೇ ವಿಚಿತ್ರ. ಮೂರು ಹೊತ್ತು ರೊಟ್ಟಿ ತಿಂದರೂ ತೂಕ ಜಾರುತ್ತಿತ್ತು. ನಮ್ಮ ತಂಡದ ನಾಗ ಎಂಬ ಹುಡುಗ ಕುಂದಲಹಳ್ಳಿ ಕೆರೆಯ ದಂಡೆಯಲ್ಲಿ ರೇನ್‌ಕೋಟಿನೊಳಗೆ ಬೇಯುತ್ತಾ ಓಡುತ್ತಿದ್ದ. ನನ್ನನ್ನು ನೋಡಿ ಅವನಿಗೆ ಹೊಟ್ಟೆ ಉರಿ.

"ಯಾವ ದೇವರಿಗೆ ಹರಕೆ ಕಟ್ಕೊಂಡೆ ಗುರು? ನಾನಿಲ್ಲಿ ಇಡ್ಲಿ ಥರ ಬೇಯ್ತಾ ಇದೀನಿ, ನೀನು ಹೋಳಿಗೆ ತಿಂದ್ಕೊಂಡು ಇಳೀತಾ ಇದೀಯ!"

"ಹೊಟ್ಟೆಕಿಚ್ಚಿಗೂ ತೂಕ ಇರತ್ತೆ ಕಣೋ. ಮೊದ್ಲು ಅದನ್ನ ಇಳಿಸು."

ನೀರಡಿಕೆಯಂತೂ ಹೇಳತೀರದು. ಕೊಡ ಎತ್ತಿ ಕುಡಿದರೂ ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಕುಡಿದದ್ದೆಲ್ಲ ಹಾಗೆಯೇ ಹೋಗುತ್ತಿತ್ತು. ಕುಂದಲಹಳ್ಳಿಯಿಂದ ಪೀಣ್ಯದವರೆಗೆ ಹೆಣ್ಣುಮಕ್ಕಳು ಹೋಗಬಹುದಾದ ಶೌಚಾಲಯ ಎಲ್ಲೆಲ್ಲಿದೆ ಎಂಬುದು ಆ ದಿನಗಳಲ್ಲಿ ನನಗೆ ಬಾಯಿಪಾಠ. ಮಾಸ್ಟರಿಗೆ ಹೇಳಿದರೆ, "ನೀರು ಹೋದ್ರೆ ತೂಕ ಹೋಗತ್ತೆ, ಒಳ್ಳೇದೇ," ಎಂದರು. ಅವ್ವ ಮಾತ್ರ ನನ್ನ ಭುಜದ ಮೂಳೆ ಮುಟ್ಟಿ ನೋಡಿ, "ಯಾರದೋ ಕಣ್ಣು ಬಿದ್ದಾದ," ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅವಳು ಹಿಡಿದ ಕಾರಣ ತಪ್ಪು. ಆದರೆ ಏನೋ ಆಗಿದೆ ಎಂದು ಹಿಡಿದವಳು ಅವಳೊಬ್ಬಳೇ.

ತೂಕ ನೋಡುವ ದಿನ ಬಂತು. ಮಿಷನ್ ಹತ್ತಿದೆ. ಐವತ್ತಮೂರು ಎಲ್ಲಿ ಬಂತು, ಅದರ ಕೆಳಗಿನ ಗುಂಪಿನ ಅಂಚಿಗೇ ಹೋಗಿ ಮುಟ್ಟಿದ್ದೆ. ಮಾಸ್ಟರ್ ಬೆನ್ನು ತಟ್ಟಿದರು. ಮುಂದಿನದು ನಮ್ಮವರ ಪದ್ಧತಿ: ಮಿಷನ್ ಇಳಿದ ಕೂಡಲೇ ಕಳೆದುಕೊಂಡದ್ದನ್ನು ವಾಪಸ್ ತುಂಬಬೇಕು. ಗ್ಲೂಕೋಸ್ ಪುಡಿ ಕಲಸಿದ ನೀರು, ಬಾಳೆಹಣ್ಣು, ಗೇಟಿನ ಹೊರಗಿನ ಕಬ್ಬಿನ ಹಾಲು. ನಾನು ಎಲ್ಲವನ್ನೂ ಗಟಗಟ ಇಳಿಸಿದೆ. ಮಧ್ಯಾಹ್ನದ ಹೊತ್ತಿಗೆ ವಾಂತಿಯಾಯಿತು. ಒಳಾಂಗಣದ ಮೆಟ್ಟಿಲ ಮೇಲೆ ಸುಮ್ಮನೆ ಕೂತಿದ್ದರೂ ಓಡಿ ಬಂದವಳ ಹಾಗೆ ಉಸಿರಾಟ.

"ಡೀಹೈಡ್ರೇಶನ್ ಆಗಿದೆ. ಇನ್ನೊಂದು ಬಾಟ್ಲಿ ಗ್ಲೂಕೋಸ್ ಕಲಸೋ ನಾಗ," ಎಂದರು ಮಾಸ್ಟರ್.

ಕಲಸಿದ. ಕುಡಿದೆ. ಅದೂ ವಾಂತಿಯಾಯಿತು. ಮತ್ತೆ ಕಲಸಿದ. ನನ್ನ ಮೇಲಿನ ಪ್ರೀತಿಯಿಂದ ಅವರು ಮಾಡಿದ್ದು ಅದು. ತೂಕ ಇಳಿಸಿ ತಲೆ ಸುತ್ತಿ ಬಿದ್ದ ಎಷ್ಟೋ ಹುಡುಗರನ್ನು ಅದೇ ಬಾಟಲಿಯಿಂದ ಎಬ್ಬಿಸಿ ನಿಲ್ಲಿಸಿದ ಅನುಭವ ಅವರದು. ಆ ಅನುಭವವೇ ಅವತ್ತು ನನ್ನನ್ನು ಅರ್ಧ ಕೊಂದಿತು. ಕಣ್ಣು ಮುಚ್ಚಿಕೊಳ್ಳತೊಡಗಿದಾಗ ನಾಗ ನನ್ನನ್ನು ಎತ್ತಿ ಆಟೋಗೆ ಹಾಕಿದ. ಸಮೀಪದ ಆಸ್ಪತ್ರೆಯಲ್ಲಿದ್ದವರು ಒಬ್ಬ ಲೇಡಿ ಡಾಕ್ಟರ್. ಮುಂದೆ ನನ್ನನ್ನು ಇವತ್ತಿನವರೆಗೆ ನೋಡಿಕೊಂಡಿರುವವರೂ ಅವರೇ. ಆಗಿನ ಮಾತುಕತೆಯನ್ನು ನಾಗ ಆಮೇಲೆ ಹೇಳಿದ್ದು.

"ಏನು ಕುಡಿಸಿದ್ರಿ?" ಎಂದು ಕೇಳಿದರಂತೆ. ಮಾಸ್ಟರ್ ಹೆಮ್ಮೆಯಿಂದ ಒಂದೊಂದಾಗಿ ಹೇಳಿದರಂತೆ. ಡಾಕ್ಟರ್ ನನ್ನ ಬೆರಳಿಗೆ ಚುಚ್ಚಿ, ಅಂಗೈಯಗಲದ ಸಕ್ಕರೆ ಮಿಷನ್ನಿನಲ್ಲಿ ರಕ್ತ ನೋಡಿದರು. ಸಕ್ಕರೆ ಆ ಪುಟ್ಟ ಮಿಷನ್ನಿನ ಅಳತೆಯನ್ನೇ ದಾಟಿ ಹೋಗಿತ್ತು.

"ಈಕೆಗೆ ಶುಗರ್ ಇದೆ ಅಂತ ಗೊತ್ತಿಲ್ವೇನ್ರೀ ನಿಮಗೆ?"

"ಇಲ್ಲ ಮೇಡಂ," ಎಂದರಂತೆ ಮಾಸ್ಟರ್, "ಇವಳು ಬ್ಲ್ಯಾಕ್ ಬೆಲ್ಟ್."

ನನಗೆ ಸರಿಯಾಗಿ ಎಚ್ಚರವಾಗುವಷ್ಟರಲ್ಲಿ ಚಾಂಪಿಯನ್‌ಶಿಪ್ ಮುಗಿದಿತ್ತು. ಎರಡೂ ಕೈಗೆ ಡ್ರಿಪ್ಪು. ಬಾಗಿಲ ಹೊರಗೆ ಅಪ್ಪ ಸಿಮೆಂಟಿನ ಧೂಳಿನ ಬಟ್ಟೆಯಲ್ಲೇ ನೆಲದ ಮೇಲೆ ಕೂತಿದ್ದರು. ಕುರ್ಚಿ ಇದ್ದರೂ ಕೊಳೆಯಾದೀತು ಎಂದು ಕೂರಲಿಲ್ಲವಂತೆ. ನಾಗ ಬಂದು, "ನಿನ್ನ ಗುಂಪಲ್ಲಿ ಚಿನ್ನ ಹೊಡೆದೋಳನ್ನ ನೀನು ಮಲಗ್ಕೊಂಡೇ ಹೊಡೀಬಹುದಿತ್ತು ಕಣೆ," ಎಂದ. ಸಮಾಧಾನ ಹೇಳಲು ಬಾರದವರನ್ನು ಆಸ್ಪತ್ರೆಯೊಳಗೆ ಬಿಡಬಾರದು. ಕಾಯಿಲೆಯಾದ ಮೇಲೆ ನಾನು ಮೊದಲ ಸಲ ಅತ್ತದ್ದು ಆಗ.

ಡಾಕ್ಟರ್ ವಿಷಯ ಹೇಳಿದರು. ಇನ್ನು ಊಟಕ್ಕೆ ಮುಂಚೆ ಪ್ರತಿ ಸಲ, ಮಲಗುವಾಗ ಒಂದು ಸಲ, ಇನ್ಸುಲಿನ್ ಚುಚ್ಚಿಕೊಳ್ಳಬೇಕು. ನಾನು ಯಾವುದಕ್ಕೂ ಮೊದಲು ಹೇಳಿದ ಬೆಲೆ ಕೊಟ್ಟವಳಲ್ಲ.

"ದಿನಕ್ಕೆ ನಾಲ್ಕು ಜಾಸ್ತಿ ಆಯ್ತು ಮೇಡಂ. ಎರಡಕ್ಕೆ ಮುಗಿಸಿ."

"ಇದು ಸಂತೆ ಅಲ್ಲಮ್ಮ."

"ಮಾತ್ರೆ ಆದ್ರೆ ನಾಲ್ಕಲ್ಲ, ಎಂಟು ತಗೋತೀನಿ."

"ನಿನ್ನ ಥರದ ಶುಗರ್‌ಗೆ ಮಾತ್ರೆ ಕೆಲಸ ಮಾಡಲ್ಲ."

"ಎಷ್ಟು ವರ್ಷ?"

"ನೀನು ಎಷ್ಟು ವರ್ಷ ಬದುಕ್ಬೇಕು ಅಂತಿದೀಯ?"

"ನೂರು," ಎಂದೆ. ಹೆಚ್ಚಿಗೆ ಹೇಳಿ ಆಮೇಲೆ ಇಳಿಯುವುದು ಅಭ್ಯಾಸ.

"ಸರಿ ಹಾಗಾದ್ರೆ, ನೂರು ವರ್ಷ."

ಅಂಗಡಿಯಲ್ಲಿ ಬೆಲೆ ಕುದುರದಿದ್ದರೆ ಬೇಡ ಎಂದು ತಿರುಗಿ ನಡೆಯಬೇಕು, ಹಿಂದಿನಿಂದ ಕರೆಯುತ್ತಾರೆ. ನಾನು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದೆ. ಆಕೆ ಕರೆಯಲಿಲ್ಲ. ಮುಂದಿನ ಮಂಚಕ್ಕೆ ಹೋದರು. ನನ್ನ ವ್ಯಾಪಾರದ ಬದುಕಿನಲ್ಲಿ ಹಾಗೆ ನನ್ನನ್ನು ಬಿಟ್ಟು ಹೋದವರು ಅವರೊಬ್ಬರೇ. ಅದರಿಂದಲೇ ಅವರ ಮಾತಿನಲ್ಲಿ ನಂಬಿಕೆ ಬಂತು. ಓದುವವರಿಗೆ ನನ್ನ ಮೊದಲ ಬುದ್ಧಿವಾದ ಇದು: ಇನ್ಸುಲಿನ್ನಿನಲ್ಲಿ ಚೌಕಾಸಿ ಇಲ್ಲ. ನಾಟಿ ಔಷಧಿ ಕೊಡುತ್ತೇನೆ, ಇಂಜೆಕ್ಷನ್ ಬಿಡು ಎನ್ನುವವನು ನಿಮ್ಮ ಬಂಧುವೇ ಆಗಿದ್ದರೂ ಚಹಾ ಕೊಟ್ಟು ಕಳಿಸಿ. ಉಳಿದ ಎಲ್ಲದರಲ್ಲೂ ಚೌಕಾಸಿ ಮಾಡಬಹುದು. ಮಾಡಲೇಬೇಕು.

ಉದಾಹರಣೆಗೆ ಫ್ರಿಜ್ಜು. ಇನ್ಸುಲಿನ್ ತಂಪಿನಲ್ಲಿಡಬೇಕು, ನಮ್ಮ ಕೋಣೆಯಲ್ಲಿ ಫ್ರಿಜ್ಜಿಲ್ಲ. ವಠಾರದ ಓನರ್ ಅಮ್ಮ ಕುಂದಲಹಳ್ಳಿಯ ಹಳೆಯ ಮನೆತನದವರು. ಹಸು ಕಟ್ಟುತ್ತಿದ್ದ ಜಾಗದಲ್ಲೇ ಕೋಣೆಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಅವರ ಬಾಗಿಲಿಗೆ ಹೋದೆ.

"ಫ್ರಿಜ್ಜಲ್ಲಿ ಔಸ್ದಿ ಮಡಗಿದ್ರೆ ಮೊಸ್ರಿಗೆ ವಾಸ್ನೆ ಬತ್ತದಲ್ಲವ್ವ?"

"ಡಬ್ಬಿ ಒಳಗೆ ಡಬ್ಬಿ ಇಟ್ಟು ಕೊಡ್ತೀನಮ್ಮ. ನಿಮ್ಮ ಮೊಮ್ಮಗಳಿಗೆ ಭಾನುವಾರ ಭಾನುವಾರ ಒದೆಯೋದು ಹೇಳ್ಕೊಡ್ತೀನಿ."

"ಅವ್ಳು ಈಗ್ಲೇ ಎಲ್ರುನೂ ಒದೀತಾವ್ಳೆ. ಒದೀದೆ ಇರೋದು ಏಳ್ಕೊಡು, ಇಡೀ ಫ್ರಿಜ್ಜು ನಿಂದೇ."

ಕರೆಂಟು ಹೋದ ದಿನ ಆಕೆಯೇ ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿ ಔಷಧಿ ಇಟ್ಟು, ಮೇಲೆ ತಟ್ಟೆ ಮುಚ್ಚಿ, "ನಿನ್ ಪ್ರಾಣ ಮಡಕೇಲೈತೆ ಕಣವ್ವ, ಬಂದ್ ತಕ್ಕೋ," ಎಂದು ಕೂಗುತ್ತಿದ್ದರು.

ಆಸ್ಪತ್ರೆಯಲ್ಲಿ ಕಾಯುವುದೇ ಒಂದು ಕೆಲಸ. ಶುಗರ್ ವಿಭಾಗದ ಬೆಂಚಿನಲ್ಲಿ ಎಲ್ಲರೂ ಬಿಳಿಗೂದಲಿನವರು. ಮೊದಲ ಸಲ ಅವ್ವನನ್ನು ಕರೆದುಕೊಂಡು ಹೋದಾಗ ನರ್ಸ್ ಸೀದಾ ಬಂದು ಅವ್ವನ ಬೆರಳು ಹಿಡಿದು ಚುಚ್ಚಿಯೇಬಿಟ್ಟಳು. "ಅಯ್ಯಯ್ಯ, ನಂದಲ್ಲ ಬೇ, ಆಕಿದು! ಆಕಿದು ತಗೋ!" ಎಂದು ಅವ್ವ ಬೆರಳು ಬಾಯಿಗಿಟ್ಟುಕೊಂಡು ಕೂಗಿದಳು. ಬೆಂಚೆಲ್ಲ ನಕ್ಕಿತು. ನಕ್ಕವರಲ್ಲಿ ಒಬ್ಬ ತಾತ ನನ್ನನ್ನು ನೋಡಿ, "ಇಷ್ಟು ಚಿಕ್ಕ ಹುಡುಗಿಗಾ?" ಎಂದು ಸುಮ್ಮನಾದರು. ಆ ಸುಮ್ಮನಾಗುವುದು ಸೂಜಿಗಿಂತ ಜಾಸ್ತಿ ಚುಚ್ಚುತ್ತದೆ. ಅದಕ್ಕೂ ಒಂದು ಉಪಾಯ ಹೇಳುತ್ತೇನೆ: ನೀವೇ ಮೊದಲು ಮಾತಾಡಿಸಿ, ಅವರಿಗೆ ಏನು ತಿಂಡಿ ಇಷ್ಟ ಎಂದು ಕೇಳಿ. ಶುಗರಿನವರ ಬೆಂಚಿನಲ್ಲಿ ಆ ಮಾತು ಮುಗಿಯುವುದೇ ಇಲ್ಲ.

ಅವ್ವನಿಗೆ ಇದ್ದ ಭಯ ಬೇರೆ. ಊರ ಕಡೆಯಿಂದ ಒಂದು ಸಂಬಂಧ ಬಂದಿತ್ತು. "ಸೂಜಿ ಮಾತು ಅವರ ಮುಂದ ಎತ್ತಬ್ಯಾಡ. ಮದುವಿ ಆಗ್ಲಿ, ಆಮ್ಯಾಲ ಹೇಳೋಣು," ಎಂದಳು.

"ಮಾಲಿನಲ್ಲಿ ಹರಕು ಇದ್ರ ಮೊದ್ಲೇ ತೋರಿಸ್ಬೇಕವ್ವ. ಇಲ್ಲಾಂದ್ರ ಮಾಲು ವಾಪಸ್ ಬರ್ತದ, ಹೆಸರೂ ಹೋಗ್ತದ."

"ನೀ ಏನ್ ಮಾಲೇನ?" ಎಂದು ತೋಳಿಗೆ ಒಂದು ಏಟು ಕೊಟ್ಟು, ತಾನೇ ಅತ್ತಳು. ಹೇಳಿದೆವು. ಅವರು ಮತ್ತೆ ಬರಲಿಲ್ಲ. ಬಾರದಿದ್ದದ್ದು ಒಳ್ಳೆಯದಾಯಿತು ಎಂದು ಅವ್ವನಿಗೆ ಅನ್ನಿಸಲು ಬಹಳ ಕಾಲ ಹಿಡಿಯಿತು.

ಮನಸ್ಸಿನಲ್ಲಿ ನನಗೆ ಇದ್ದದ್ದು ಒಂದೇ ಪ್ರಶ್ನೆ. ಕೇಳಲು ಹೆದರಿ ಮುಂದೂಡುತ್ತಾ ಬಂದು, ಕೊನೆಗೆ ಡಾಕ್ಟರನ್ನು ಕೇಳಿದೆ: "ಮತ್ತೆ ಆಡಬಹುದಾ?"

"ಯಾಕಾಗಲ್ಲ?" ಎಂದರು ತಲೆ ಎತ್ತದೆ. "ಆದ್ರೆ ಊಟ, ನೀರು ಬಿಟ್ಟು ತೂಕ ಇಳಿಸೋ ಆ ಹುಚ್ಚಾಟ ಇನ್ನು ನಿನ್ನ ಜನ್ಮದಲ್ಲಿ ಇಲ್ಲ."

ಆಟಗಾರರಿಗೆ ನಿಷೇಧಿಸಿದ ಔಷಧಿಗಳಲ್ಲಿ ಇನ್ಸುಲಿನ್ ಕೂಡ ಇದೆ. ನನ್ನಂಥವರು ಮೊದಲೇ ಡಾಕ್ಟರ್ ಪತ್ರ ಕೊಟ್ಟು ಅನುಮತಿ ಪಡೆಯಬೇಕು. ಅದನ್ನೂ ಅವರೇ ಬರೆದುಕೊಟ್ಟರು. ಆದರೆ ಮಾಸ್ಟರ್ ಒಪ್ಪಲಿಲ್ಲ. ಅವರ ಭಯ ನನಗೆ ಅರ್ಥವಾಗುತ್ತಿತ್ತು. ಆ ಬಾಟಲಿ ಕಲಸಿದ ದಿನವನ್ನು ಅವರು ಮರೆತಿರಲಿಲ್ಲ. ಕ್ಲಾಸಿನಲ್ಲಿ ನನಗೆ ಬರೀ ಮಕ್ಕಳಿಗೆ ಕಲಿಸುವ ಕೆಲಸ ಕೊಟ್ಟು, ದೊಡ್ಡವರ ಜೊತೆ ಆಡಲು ಬಿಡುತ್ತಿರಲಿಲ್ಲ.

ಮರುವರ್ಷದ ಚಾಂಪಿಯನ್‌ಶಿಪ್ ಮತ್ತೆ ಅದೇ ಒಳಾಂಗಣದಲ್ಲಿ ಎಂದು ಗೊತ್ತಾದ ದಿನ ಅವರ ಮುಂದೆ ಹೋಗಿ ಕೂತೆ.

"ಬೇಡಮ್ಮ. ಮ್ಯಾಟ್ ಮೇಲೆ ನೀನು ಬಿದ್ರೆ ಏಟು ತಿಂದು ಬಿದ್ಯೋ, ಶುಗರ್‌ಗೆ ಬಿದ್ಯೋ, ನನಗೆ ಹೇಗೆ ಗೊತ್ತಾಗ್ಬೇಕು?"

"ಪ್ರತಿ ಪಂದ್ಯಕ್ಕೂ ಮುಂಚೆ ನಿಮ್ಮ ಕಣ್ಣೆದುರು ಬೆರಳು ಚುಚ್ಚಿ ತೋರಿಸ್ತೀನಿ. ಡಾಕ್ಟರ್ ಶುಗರ್‌ಗೆ ಮೇಲೊಂದು ಕೆಳಗೊಂದು, ಎರಡು ಗೆರೆ ಹಾಕಿಕೊಟ್ಟಿದಾರೆ. ಅದರ ಆಚೆ ಈಚೆ ಇದ್ರೆ ನಾನೇ ಎದ್ದು ಬರ್ತೀನಿ. ಶುಗರ್ ಇಳಿದ್ರೆ ಕುಡಿಸೋಕೆ ನಾಗ ಪಕ್ಕದಲ್ಲೇ ಜ್ಯೂಸ್ ಹಿಡ್ಕೊಂಡಿರ್ತಾನೆ."

ಅವರು ಮೀಸೆ ಎಳೆದುಕೊಂಡರು. "ನನ್ನದೂ ಒಂದು ಶರತ್ತು. ತೂಕ ಒಂದು ಗ್ರಾಂ ಇಳಿಸಂಗಿಲ್ಲ. ಐವತ್ತೇಳರಲ್ಲಿ ಆಡು."

ಐವತ್ತೇಳು ಎಂದರೆ ಆ ಎಡಗಾಲಿನವಳು. ಹೆದರಿ ನಾನೇ ಹಿಂದೆ ಸರಿಯಲಿ ಎಂದು ಅವರ ಲೆಕ್ಕ. ಕೈ ಚಾಚಿದೆ. ಅವರಿಗೆ ಕೈ ಕೊಡದೆ ವಿಧಿಯಿರಲಿಲ್ಲ.

ತೂಕ ನೋಡುವ ದಿನ ಸಾಲಿನಲ್ಲಿ ಎಲ್ಲರೂ ಬಾಡಿದ ಸೊಪ್ಪಿನ ಹಾಗೆ ನಿಂತಿದ್ದರು. ಕೊನೆಯ ಹನಿಯನ್ನೂ ಇಳಿಸೋಣ ಎಂದು ಕೆಲವರು ಲೋಟದಲ್ಲಿ ಉಗುಳುತ್ತಿದ್ದರು. ನಾನು ಸೂಜಿ ಹಾಕಿಕೊಂಡು, ಅವ್ವ ಕಟ್ಟಿಕೊಟ್ಟ ರೊಟ್ಟಿ ಪಲ್ಯವನ್ನು ಅವರ ಮಧ್ಯೆಯೇ ಕೂತು ತಿಂದೆ. ಮೇಲೆ ನೀರು ಕುಡಿದೆ. ಪಾಪ, ಇರಾನಿನ ಒಬ್ಬ ಹುಡುಗಿ ನನ್ನ ಗಂಟಲನ್ನೇ ನೋಡುತ್ತಿದ್ದಳು.

ಮರುದಿನ ಮೊದಲ ಪಂದ್ಯ ಶ್ರೀಲಂಕಾದವಳ ಜೊತೆ. ಗೆದ್ದೆ. ಹೇಗೆ ಗೆದ್ದೆ ಎಂದು ಬರೆದರೆ ಜಂಬವಾಗುತ್ತದೆ, ಬಿಡಿ. ಎರಡನೆಯದು ನೇಪಾಳದವಳ ಜೊತೆ. ಅದಕ್ಕೆ ಮುಂಚೆ ಮಾಸ್ಟರ್ ಎದುರು ಬೆರಳು ಚುಚ್ಚಿದೆ. ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಕೈ ಸಣ್ಣಗೆ ನಡುಗುತ್ತಿತ್ತು. ಹೆದರಿಕೆಯದೋ ಸಕ್ಕರೆಯದೋ ಎಂದು ತಿಳಿಯದೆ ಮಿಷನ್ನನ್ನು ನಂಬಿದೆ.

"ಮುಗೀತು. ಹೆಸರು ವಾಪಸ್ ತಗೋತೀನಿ," ಎಂದು ಮಾಸ್ಟರ್ ಎದ್ದರು.

"ಕೂತ್ಕೊಳ್ಳಿ ಸಾರ್. ಹೆಸರು ಮೂರು ಸಲ ಕರೀತಾರೆ. ಮೂರನೇದ್ರ ತನಕ ಟೈಮಿದೆ."

"ಮಾತು ಕೊಟ್ಟಿದೀಯ."

"ಮಾತು ಮ್ಯಾಟ್ ಹತ್ತೋ ಗಳಿಗೆಗೆ. ಇನ್ನೂ ಹತ್ತಿಲ್ವಲ್ಲ."

ನಾಗ ಜ್ಯೂಸ್ ಕೊಟ್ಟ. ಕುಡಿದು ಗೋಡೆಗೆ ಒರಗಿದೆ. ಮೈಕಿನಲ್ಲಿ ಮೊದಲ ಕರೆ ಬಂತು. ಪಂದ್ಯ ನೋಡಲು ಬಂದು ಮೇಲೆ ಗ್ಯಾಲರಿಯಲ್ಲಿ ಕೂತಿದ್ದ ಅವ್ವ ಸೆರಗು ಬಾಯಿಗಿಟ್ಟುಕೊಂಡಿದ್ದಳು. ಇನ್ನೊಂದು ಬೆರಳು ಚುಚ್ಚಿದೆ. ಸಾಲದು. ಎರಡನೆಯ ಕರೆ. ಆಗ ಒಂದು ವಿಷಯ ಮನಸ್ಸಿನಲ್ಲೇ ಇತ್ಯರ್ಥ ಮಾಡಿಕೊಂಡೆ: ಏರದಿದ್ದರೆ ಎದ್ದು ಹೋಗಿ, ತಲೆ ಬಾಗಿಸಿ, ಮನೆಗೆ ಹೋಗುವುದು. ಈ ಮಿಷನ್ನಿನ ಜೊತೆ ಸುಳ್ಳು ವ್ಯಾಪಾರ ಶುರು ಮಾಡಿದರೆ ನೂರು ವರ್ಷ ಎಲ್ಲಿ, ಹತ್ತೂ ಸಾಗುವುದಿಲ್ಲ. ಮೂರನೆಯ ಬೆರಳು. ನಾಗ ನನಗಿಂತ ಮೊದಲು ಬಗ್ಗಿ ನೋಡಿ, "ಬಂತು ಗುರು!" ಎಂದು ಕಿರುಚಿದ. ಮಾಸ್ಟರ್ ಮಿಷನ್ ಕಿತ್ತುಕೊಂಡು ಕನ್ನಡಕದ ಹತ್ತಿರ ಹಿಡಿದು ನೋಡಿದರು. ಗೆರೆ ದಾಟಿತ್ತು. ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿದರು. ಮೂರನೆಯ ಕರೆಗೆ ನಾನು ಮ್ಯಾಟಿನ ಗೆರೆಯ ಮೇಲೆ ನಿಂತಿದ್ದೆ.

ಮೂರು ಸುತ್ತೂ ಆಡಿದೆ. ಎರಡು ಸುತ್ತು ಸಮಸಮ ಇದ್ದೆವು. ಮೂರನೆಯದರಲ್ಲಿ ಆ ಎಡಗಾಲು ಎಲ್ಲಿಂದ ಬಂತೋ, ಗಾರ್ಡ್ ಇದ್ದರೂ ಬಲಪಕ್ಕೆಯ ಕೆಳಗೆ ಕುಕ್ಕಿತು. ಉಸಿರು ಸಿಗುವಷ್ಟರಲ್ಲಿ ಅದೇ ಜಾಗಕ್ಕೆ ಇನ್ನೊಂದು. ಸೋತೆ. ಕೆಳಗಿಳಿದು ಕೇಳುವ ಮೊದಲೇ ಬೆರಳು ಚುಚ್ಚಿ ಮಾಸ್ಟರಿಗೆ ತೋರಿಸಿದೆ. ಸಕ್ಕರೆ, ಅಂಗಡಿಯಲ್ಲಿಟ್ಟ ಗೊಂಬೆಯ ಹಾಗೆ, ಎರಡು ಗೆರೆಗಳ ನಡುವೆ ಕೂತಿತ್ತು.

"ಶುಗರ್‌ಗೆ ಸೋತಿಲ್ಲ ಸಾರ್."

"ಗೊತ್ತು! ಕೈ ಕೆಳಗೆ ಬಿಟ್ಟು ಸೋತೆ. ಎಮ್ಮೆ ಹಂಗೆ ನಿಂತಿದ್ದೆ!" ಎಂದು ಇಡೀ ಒಳಾಂಗಣ ತಿರುಗಿ ನೋಡುವ ಹಾಗೆ ಬೈದರು. ಬೈಸಿಕೊಳ್ಳುತ್ತಾ ನಾನು ನಗುತ್ತಿದ್ದೆ.

ಅವ್ವ ಬುತ್ತಿ ಬಿಚ್ಚಿದಳು. ಊಟಕ್ಕೆ ಮುಂಚೆ ಹೊಟ್ಟೆಗೆ ಸೂಜಿ. ಅಂಗಿ ಎತ್ತಿ ನೋಡಿದರೆ ಹೊಟ್ಟೆಯ ಬಲಗಡೆ ನೇರಳೆ ಬಣ್ಣಕ್ಕೆ ತಿರುಗಿತ್ತು, ಮುಟ್ಟುವ ಹಾಗಿರಲಿಲ್ಲ. ಎಡಗಡೆ ಚುಚ್ಚಿಕೊಂಡೆ.